ಅಗ್ಗದ ಯಾವ ವಸ್ತು ಇಲ್ಲದಿದ್ದರೆ ನಿಮ್ಮ ಮನೆ ನಡೆಯುವುದೇ ಇಲ್ಲ?

ಕಪಾಟಿನ ಕೀಲಿ:
ದುಬಾರಿ ಯಂತ್ರಗಳ ಗುಣಗಾನ ಎಲ್ಲೆಡೆ ನಡೆಯುತ್ತಲೇ ಇರುತ್ತದೆ. ನಾನು ಕೇಳುತ್ತಿರುವುದು ಅದಲ್ಲ. ಕೊಳ್ಳುವ ಮುನ್ನ ಯೋಚಿಸಬೇಕಾಗಿಯೇ ಇಲ್ಲದಷ್ಟು ಅಗ್ಗ, ಬ್ಯಾಟರಿ ಬೇಡ, ಕೈಪಿಡಿ ಬೇಡ, ಆದರೂ ಬೇಕಾದ ಹೊತ್ತಿಗೆ ಸಿಗದಿದ್ದರೆ ಮನೆಯೆಲ್ಲ ತಡಕಾಡಿಸುವ ವಸ್ತು. ನಿಮ್ಮ ಮನೆಯಲ್ಲಿ ಅದು ಯಾವುದು?

ನನ್ನ ಮತ ಬೈಂಡರ್ ಕ್ಲಿಪ್ಪಿಗೆ. ಮಡಿಸಿದ ಕಪ್ಪು ತಗಡು, ಎರಡು ತಂತಿಯ ಹಿಡಿಕೆ, ಅಷ್ಟೇ. ಕಾಗದ ಹಿಡಿಯಲೆಂದೇ ಹುಟ್ಟಿದ್ದು. ಅಮೆರಿಕದ ಲೂಯಿಸ್ ಬಾಲ್ಟ್ಸ್‌ಲಿ 1915ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ನಮ್ಮ ಮನೆಯಲ್ಲಿ ಅದು ಕಾಗದ ಹಿಡಿಯುವುದು ಅಪರೂಪ. ಮೇಜಿನ ಅಂಚಿಗೆ ಕಚ್ಚಿಸಿ ಹಿಡಿಕೆಯ ಕಂಡಿಯೊಳಗೆ ಚಾರ್ಜರ್ ತಂತಿ ತೂರಿಸಿದರೆ ತಂತಿ ನೆಲಕ್ಕೆ ಜಾರುವುದಿಲ್ಲ. ಎರಡು ಪರದೆಗಳ ನಡುವೆ ಬೆಳಕು ನುಗ್ಗುವ ಸಂದಿಯನ್ನು ಮುಚ್ಚುತ್ತದೆ. ಅಂಟು ಹಚ್ಚಿದ ತುಂಡುಗಳನ್ನು ಒಣಗುವವರೆಗೆ ಒತ್ತಿ ಹಿಡಿಯುತ್ತದೆ. ಹಿಡಿಕೆಗಳನ್ನು ಕಳಚಬಹುದೆಂಬುದು ಹಲವರಿಗೆ ಗೊತ್ತಿಲ್ಲ: ತಂತಿಯನ್ನು ಎರಡೂ ಬದಿಯಿಂದ ಒತ್ತಿದರೆ ಸಲೀಸಾಗಿ ಹೊರಬರುತ್ತದೆ. ಆಮೇಲೆ ಕ್ಲಿಪ್ಪು ಇದ್ದಲ್ಲೇ ಬಿಗಿಯಾಗಿ ಕುಳಿತಿರುತ್ತದೆ, ಯಾರ ಕೈಗೂ ತಗಲುವುದಿಲ್ಲ.

ಒಂದೇ ಷರತ್ತು. ವೀಡಿಯೊದಲ್ಲಿ ಕಂಡ ಉಪಾಯ ಬೇಡ. ನೀವು ವರ್ಷಗಟ್ಟಲೆ ಬಳಸುತ್ತಿರುವುದನ್ನಷ್ಟೇ ಹೇಳಿ.

ಸೂಜಿಮೊನೆ:
ಸೇಫ್ಟಿ ಪಿನ್. ಇದಕ್ಕಿಂತ ದೊಡ್ಡ ಉತ್ತರ ಯಾರ ಬಳಿಯಾದರೂ ಇದ್ದರೆ ಬರಲಿ.

ಮಳೆನೀರು:
ಸೂಜಿಮೊನೆಯವರ ಜೊತೆ ನಾನೂ ಇದ್ದೇನೆ. ಒಗೆಯುವಾಗ ಪ್ಯಾಂಟಿನ ಲಾಡಿ ಒಳಗೆ ಸೇರಿಕೊಂಡರೆ ಬೇರೆ ಯಾವ ಉಪಕರಣವೂ ಅಷ್ಟು ಬೇಗ ಹೊರತೆಗೆಯದು. ಲಾಡಿಯ ತುದಿಗೆ ಪಿನ್ ಚುಚ್ಚಿ, ಬಟ್ಟೆಯ ಮೇಲಿಂದಲೇ ಬೆರಳಲ್ಲಿ ಹಿಡಿದು ತಳ್ಳುತ್ತ ಹೋದರೆ ಆಯಿತು. ಕಾಲುಚೀಲಗಳನ್ನು ಜೋಡಿಯಾಗಿ ಪಿನ್ ಮಾಡಿ ಒಗೆಯಲು ಹಾಕಿದರೆ ಒಂಟಿ ಕಾಲುಚೀಲದ ಸಮಸ್ಯೆಯೇ ಇರದು.

1849ರಲ್ಲಿ ವಾಲ್ಟರ್ ಹಂಟ್ ಎಂಬ ಅಮೆರಿಕದ ಯಂತ್ರತಜ್ಞ ಇದಕ್ಕೆ ಪೇಟೆಂಟ್ ಪಡೆದು, ಹಕ್ಕನ್ನು 400 ಡಾಲರ್‌ಗೆ ಮಾರಿಬಿಟ್ಟರು. ಒಂದೇ ತಂತಿಯ ಮಧ್ಯೆ ಸುರುಳಿ ಸುತ್ತಿ ಅದನ್ನೇ ಸ್ಪ್ರಿಂಗ್ ಮಾಡಿದ್ದು, ಮೊನೆಯನ್ನು ಮುಚ್ಚಿಡಲು ತುದಿಯಲ್ಲಿ ಕೊಕ್ಕೆ ಕೊಟ್ಟದ್ದು, ಎರಡೇ ವಿಚಾರ. ಅವೆರಡೂ ಇಂದಿಗೂ ಬದಲಾಗಿಲ್ಲ.

ಮೂರನೇ ಮಹಡಿ:
ಒಪ್ಪಿದೆ, ಆದರೆ ಪಿನ್ನನ್ನು ಬಟ್ಟೆಯಲ್ಲೇ ಬಿಟ್ಟು ಒಗೆಯುವ ಮುನ್ನ ಅದು ತುಕ್ಕು ಹಿಡಿಯದ ಜಾತಿಯದೇ ಎಂದು ನೋಡಿ. ಅಗ್ಗದ ಉಕ್ಕಿನ ಪಿನ್ನಿನ ಲೇಪನ ಸವೆದರೆ ಒದ್ದೆ ಬಟ್ಟೆಯ ಮೇಲೆ ಕಂದು ಚುಕ್ಕೆ ಬೀಳುತ್ತದೆ. ಅದು ಸಾಬೂನಿಗೆ ಹೋಗುವುದಿಲ್ಲ.

ಅಜ್ಜನ ಪೆಟ್ಟಿಗೆ:
ಮೇಣದಬತ್ತಿಯ ತುಂಡು. ಉರಿಸಲು ಅಲ್ಲ, ಉಜ್ಜಲು. ಮರದ ಡ್ರಾಯರ್ ಎಳೆದರೆ ಕಿರುಗುಟ್ಟುತ್ತದೆಯೇ? ಅದು ಜಾರುವ ಪಟ್ಟಿಗೆ ಮೇಣ ಉಜ್ಜಿ. ಗಟ್ಟಿ ಮರಕ್ಕೆ ಸ್ಕ್ರೂ ಇಳಿಯುತ್ತಿಲ್ಲವೇ? ಸ್ಕ್ರೂವಿನ ಎಳೆಗಳಿಗೆ ಮೇಣ ಉಜ್ಜಿ. ನನ್ನ ಹತ್ಯಾರುಗಳ ಪೆಟ್ಟಿಗೆಯಲ್ಲಿ ಸುತ್ತಿಗೆ ಇಲ್ಲದಿದ್ದರೂ ಮೇಣವಂತೂ ಇರುತ್ತದೆ.

ತೆರೆದ ಬಾಗಿಲು:
ಅದಕ್ಕೆ ಸಾಬೂನು ಸಾಕಲ್ಲವೇ? ನಮ್ಮ ಮನೆಗೆ ಬರುತ್ತಿದ್ದ ಬಡಗಿ ಸ್ಕ್ರೂವನ್ನು ಸಾಬೂನಿಗೆ ಅದ್ದಿಯೇ ಹಾಕುತ್ತಿದ್ದರು.

ಅಜ್ಜನ ಪೆಟ್ಟಿಗೆ:
ಆ ಹೊತ್ತಿಗೆ ಕೆಲಸ ಸುಲಭವಾಗುತ್ತದೆ, ನಿಜ. ಆದರೆ ಸಾಬೂನು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಉಕ್ಕಿನ ಸ್ಕ್ರೂ ಮರದೊಳಗೇ ತುಕ್ಕು ಹಿಡಿಯುತ್ತದೆ, ಮುಂದೊಂದು ದಿನ ಬಿಚ್ಚಲು ಹೋದವರ ಕೈಯಲ್ಲಿ ತಲೆ ಮುರಿದು ಬರುತ್ತದೆ. ಮೇಣ ನೀರನ್ನು ದೂರವಿಡುತ್ತದೆ. ಎರಡೂ ಕೈಗೆ ಸಿಗುವಾಗ ಸಾಬೂನನ್ನು ಆರಿಸಲು ಕಾರಣವೇ ಇಲ್ಲ.

ನೀಲಿ ಬಕೆಟ್:
ಅಡುಗೆ ಸೋಡಾ ಮತ್ತು ವಿನೆಗರ್. ಎರಡನ್ನೂ ಬೆರೆಸಿ ಸುರಿದರೆ ನೊರೆ ಉಕ್ಕಿ ಯಾವ ಕೊಳೆಯೂ ನಿಲ್ಲುವುದಿಲ್ಲ. ಮನೆಗೆ ಬೇರೆ ಯಾವ ಶುಚಿಕಾರಕವನ್ನೂ ನಾನು ತರುವುದಿಲ್ಲ.

ಗಾಜಿನ ನಳಿಕೆ:
ನೀಲಿ ಬಕೆಟ್ ಅವರೇ, ಬೇರೆ ಬೇರೆಯಾಗಿ ಎರಡೂ ಚಿನ್ನದಂಥವು. ಬೆರೆಸಿದರೆ ಎರಡನ್ನೂ ಕಳೆದುಕೊಳ್ಳುತ್ತೀರಿ. ಸೋಡಾ ಕ್ಷಾರ, ವಿನೆಗರ್ ಆಮ್ಲ. ಸೇರಿದಾಗ ಉಳಿಯುವುದು ನೀರು, ಇಂಗಾಲದ ಡೈಆಕ್ಸೈಡ್ ಮತ್ತು ಸೋಡಿಯಂ ಅಸಿಟೇಟ್ ಎಂಬ ಲವಣ. ಆ ಲವಣದ ನೀರಿಗೆ ಕೊಳೆ ತೆಗೆಯುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ.

ನಲ್ಲಿಯ ಮೇಲೆ, ಷವರಿನ ರಂಧ್ರಗಳಲ್ಲಿ ಕಟ್ಟುವ ಬಿಳಿ ಪದರ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಕರಗಿಸುವುದು ಆಮ್ಲ, ಆದ್ದರಿಂದ ಅಲ್ಲಿ ವಿನೆಗರ್ ಮಾತ್ರ. ಸುಮಾರು 5 ಪ್ರತಿಶತ ಅಸಿಟಿಕ್ ಆಮ್ಲವಿರುವ ಸಾಮಾನ್ಯ ವಿನೆಗರೇ ಸಾಕು. ಜಿಡ್ಡು, ಪಾತ್ರೆಯ ತಳದ ಕರಿ, ಫ್ರಿಜ್ಜಿನ ವಾಸನೆ ಇಂಥವಕ್ಕೆ ಸೋಡಾ ಮಾತ್ರ. ಅದರ ನುಣುಪಾದ ಪುಡಿ ಗಾಜಿಗಿಂತ ಮೆದು, ಹಾಗಾಗಿ ಉಜ್ಜಿದರೂ ಗೀರು ಬೀಳುವುದಿಲ್ಲ.

ನೀಲಿ ಬಕೆಟ್:
ಆದರೆ ನೊರೆ ಕಣ್ಣಿಗೆ ಕಾಣುತ್ತದೆಯಲ್ಲ! ಕಟ್ಟಿಕೊಂಡ ಕೊಳವೆಗೆ ಹಾಕಿದಾಗ ನೀರು ಹರಿದದ್ದನ್ನು ನಾನೇ ನೋಡಿದ್ದೇನೆ.

ಗಾಜಿನ ನಳಿಕೆ:
ಗುಳ್ಳೆಗಳು ಸಡಿಲವಾದ ಕೆಸರನ್ನು ಸ್ವಲ್ಪ ಅಲುಗಾಡಿಸುತ್ತವೆ. ಆಮೇಲೆ ನೀವು ಸುರಿದ ಬಿಸಿನೀರು ಉಳಿದ ಕೆಲಸ ಮಾಡಿರುತ್ತದೆ. ಕೂದಲಿನ ಉಂಡೆ ಸಿಕ್ಕಿಕೊಂಡಿದ್ದರೆ ಎಷ್ಟು ನೊರೆ ಬಂದರೂ ಅದು ಜಗ್ಗುವುದಿಲ್ಲ. ಅದಕ್ಕೆ ಅಂಚಿನಲ್ಲಿ ಮುಳ್ಳುಗಳಿರುವ ಪ್ಲಾಸ್ಟಿಕ್ ಪಟ್ಟಿ ಸಿಗುತ್ತದೆ, ಇಳಿಸಿ ಎಳೆದರೆ ಉಂಡೆ ಸಮೇತ ಬರುತ್ತದೆ.

ವಿನೆಗರ್ ಬಗ್ಗೆ ಎರಡು ಮಾತು ಹೇಳದೆ ಬಿಡಲಾರೆ. ಅಮೃತಶಿಲೆಯ ಮೇಲೆ ಅದನ್ನು ಎಂದೂ ಹಾಕಬೇಡಿ. ಆ ಕಲ್ಲೇ ಕ್ಯಾಲ್ಸಿಯಂ ಕಾರ್ಬೊನೇಟ್, ಹೊಳಪು ಕರಗಿ ಹೋಗುತ್ತದೆ. ಬ್ಲೀಚ್ ಜೊತೆಗಂತೂ ಯಾವ ಕಾರಣಕ್ಕೂ ಬೆರೆಸಬೇಡಿ. ಕ್ಲೋರಿನ್ ಅನಿಲ ಹೊರಬರುತ್ತದೆ. ಮುಚ್ಚಿದ ಸ್ನಾನದ ಕೋಣೆಯಲ್ಲಿ ಅದು ಪ್ರಾಣಕ್ಕೇ ಅಪಾಯ.

ಕಪಾಟಿನ ಕೀಲಿ:
ಗಾಜಿನ ನಳಿಕೆಯವರ ಕೊನೆಯ ಮಾತನ್ನು ಎಲ್ಲರೂ ದಯವಿಟ್ಟು ಇನ್ನೊಮ್ಮೆ ಓದಿ.

ಎಂಟನೇ ತಿರುವು:
ಷವರ್ ತಲೆಯನ್ನು ಕಳಚುವುದೂ ಬೇಕಿಲ್ಲ. ಪ್ಲಾಸ್ಟಿಕ್ ಚೀಲಕ್ಕೆ ವಿನೆಗರ್ ಸುರಿದು, ಷವರ್ ಅದರಲ್ಲಿ ಮುಳುಗುವಂತೆ ಮೇಲಕ್ಕೆ ಹಿಡಿದು ರಬ್ಬರ್ ಬ್ಯಾಂಡ್ ಬಿಗಿಯಿರಿ. ಒಂದೆರಡು ಗಂಟೆಯ ನಂತರ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ರಂಧ್ರಗಳು ತೆರೆದುಕೊಳ್ಳುತ್ತವೆ. ಬಣ್ಣದ ಲೇಪನವಿರುವ ಷವರ್ ಆಗಿದ್ದರೆ ಅಷ್ಟು ಹೊತ್ತು ಬಿಡಬೇಡಿ, ಲೇಪನ ಕೆಡಬಹುದು.

ದಾರದುಂಡೆ:
ರಬ್ಬರ್ ಬ್ಯಾಂಡಿನ ಹೆಸರು ಬರಲು ಇಷ್ಟು ಹೊತ್ತು ಬೇಕಾಯಿತೇ? ಜಾಡಿಯ ಮುಚ್ಚಳ ತೆರೆಯದಿದ್ದರೆ ಸುತ್ತ ಅಗಲವಾದ ರಬ್ಬರ್ ಬ್ಯಾಂಡ್ ಹಾಕಿ ತಿರುಗಿಸಿ. ಹ್ಯಾಂಗರಿನ ಎರಡು ತುದಿಗೆ ಸುತ್ತಿದರೆ ಜಾರುವ ಅಂಗಿ ನಿಲ್ಲುತ್ತದೆ. ತಲೆ ಸವೆದ ಸ್ಕ್ರೂವಿನ ಮೇಲೆ ರಬ್ಬರ್ ಬ್ಯಾಂಡ್ ಇಟ್ಟು ಸ್ಕ್ರೂಡ್ರೈವರ್ ಒತ್ತಿ ತಿರುಗಿಸಿದರೆ ಹಿಡಿತ ಸಿಗುತ್ತದೆ.

ಅಜ್ಜನ ಪೆಟ್ಟಿಗೆ:
ಮೊದಲೆರಡು ಸರಿ. ಮೂರನೆಯದು ಸಡಿಲವಾಗಿರುವ ಸ್ಕ್ರೂವಿಗೆ ಮಾತ್ರ. ತುಕ್ಕು ಕಚ್ಚಿದ ಸ್ಕ್ರೂ ಆದರೆ ರಬ್ಬರ್ ಹರಿದು ಚೂರಾಗುತ್ತದೆ, ತಲೆ ಇನ್ನಷ್ಟು ಸವೆಯುತ್ತದೆ. ಅಲ್ಲಿ ತಲೆಯನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸುವುದೇ ದಾರಿ.

ಮಳೆನೀರು:
ಸ್ಟೀಫನ್ ಪೆರಿ ಎಂಬವರು 1845ರಲ್ಲಿ ಲಂಡನ್ನಿನಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅದಕ್ಕೆ ಕೇವಲ ಒಂದು ವರ್ಷ ಮೊದಲು ಚಾರ್ಲ್ಸ್ ಗುಡ್‌ಇಯರ್ ಅವರಿಗೆ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವ ವಿಧಾನದ ಪೇಟೆಂಟ್ ದೊರಕಿತ್ತು. ಆ ಗಂಧಕದ ಕಾರಣಕ್ಕೇ ಬೆಳ್ಳಿಯ ವಸ್ತುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಇಡಬಾರದು. ಹಾಕಿದ ಜಾಗದಲ್ಲೇ ಕಪ್ಪು ಗೆರೆ ಮೂಡುತ್ತದೆ.

ತೆರೆದ ಬಾಗಿಲು:
ನಮ್ಮ ಡಬ್ಬಿಯ ರಬ್ಬರ್ ಬ್ಯಾಂಡುಗಳೆಲ್ಲ ಕೆಲವೇ ತಿಂಗಳಲ್ಲಿ ಅಂಟಂಟಾಗಿ ತುಂಡಾಗುತ್ತವೆ. ಏಕೆ?

ಗಾಜಿನ ನಳಿಕೆ:
ಬಿಸಿಲು, ಶಾಖ, ಗಾಳಿಯ ಓಝೋನ್. ಮೂರೂ ರಬ್ಬರಿನ ಶತ್ರುಗಳು. ಕಿಟಕಿಯ ಬಳಿ ಇಡಬೇಡಿ, ಮುಚ್ಚಳವಿರುವ ಡಬ್ಬಿಯಲ್ಲಿ ತಂಪು ಜಾಗದಲ್ಲಿಡಿ. ಎಳೆದು ಸುತ್ತಿಟ್ಟ ಬ್ಯಾಂಡ್ ಸುಮ್ಮನೆ ಇಟ್ಟದ್ದಕ್ಕಿಂತ ಬೇಗ ಬಿರಿಯುತ್ತದೆ.

ಬೆರಳ ತುದಿ:
ಎಲ್ಲರೂ ರಿಪೇರಿಯ ಬಗ್ಗೆಯೇ ಬರೆಯುತ್ತಿದ್ದೀರಿ. ನಾನು ಬೇರೆ ಕಡೆಯಿಂದ ಹೇಳುತ್ತೇನೆ. ನನ್ನ ತಾಯಿಗೆ ದೃಷ್ಟಿ ಬಹಳ ಮಂದವಾಗಿದೆ. ಶಾಂಪೂ ಮತ್ತು ಕಂಡಿಷನರ್ ಬಾಟಲಿಗಳು ಕೈಗೆ ಒಂದೇ ಥರ. ಶಾಂಪೂವಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿದೆವು, ಇನ್ನೊಂದನ್ನು ಹಾಗೆಯೇ ಬಿಟ್ಟೆವು. ಔಷಧದ ಶೀಶೆಗಳಿಗೂ ಹೀಗೆಯೇ: ಬೆಳಗಿನದಕ್ಕೆ ಒಂದು, ರಾತ್ರಿಯದಕ್ಕೆ ಎರಡು. ಅಮ್ಮ ಯಾರನ್ನೂ ಕರೆಯದೆ ತಾವೇ ತೆಗೆದುಕೊಳ್ಳುತ್ತಾರೆ. ಬಾಗಿಲಿನ ಕೀಲಿಯ ತಲೆಗೆ ಉಗುರುಬಣ್ಣವನ್ನು ದಪ್ಪಗೆ ಚುಕ್ಕೆಯಿಟ್ಟು ಒಣಗಿಸಿದರೆ ಅದೂ ಬೆರಳಿಗೆ ಸಿಗುತ್ತದೆ. ಯಂತ್ರದ ಗುಂಡಿಗಳ ಮೇಲೂ ಅಷ್ಟೇ.

ಸಂಧಿವಾತದಿಂದ ಬೆರಳು ಮಡಚಲಾಗದ ತಂದೆಗೆ ಜಿಪ್ಪಿನ ಎಳೆತುಂಡಿಗೆ ಕೀಲಿ ಉಂಗುರ ಸಿಕ್ಕಿಸಿಕೊಟ್ಟೆ. ಬೆರಳನ್ನು ಉಂಗುರದೊಳಗೆ ತೂರಿಸಿ ಎಳೆದರೆ ಸಾಕು. ಅಂಗವಿಕಲರಿಗೆಂದೇ ಮಾರುವ ಸಾಧನಗಳು ಎಷ್ಟೋ ಸಲ ಇಷ್ಟೇ ಕೆಲಸ ಮಾಡುತ್ತವೆ, ಬೆಲೆ ಮಾತ್ರ ಹಲವು ಪಟ್ಟು. ಇದು ನನ್ನನ್ನು ಸಿಟ್ಟಿಗೆಬ್ಬಿಸುವ ವಿಷಯ.

ಸೂಜಿಮೊನೆ:
ಬೆರಳ ತುದಿಯವರೇ, ಪಿನ್ನಿನ ಪಕ್ಷ ಬಿಡುವುದಿಲ್ಲ, ಆದರೆ ಇದುವರೆಗಿನ ಅತ್ಯುತ್ತಮ ಉತ್ತರ ನಿಮ್ಮದೇ. ಔಷಧದ ಗುರುತಿನ ಉಪಾಯವನ್ನು ನನ್ನ ಅತ್ತೆಗೆ ಇವತ್ತೇ ಹೇಳುತ್ತೇನೆ.

ಮೂರನೇ ಮಹಡಿ:
ಒಂದು ಎಚ್ಚರಿಕೆ ಸೇರಿಸಲೇ? ಹೊಸ ಶೀಶೆ ತಂದಾಗ ಬ್ಯಾಂಡ್ ಬದಲಾಯಿಸುವ ಕೆಲಸ ಯಾರದು ಎಂದು ಮನೆಯಲ್ಲಿ ಮೊದಲೇ ನಿಶ್ಚಯವಾಗಿರಲಿ. ತಪ್ಪು ಶೀಶೆಗೆ ಬಿದ್ದ ಗುರುತು ಗುರುತೇ ಇಲ್ಲದ್ದಕ್ಕಿಂತ ಅಪಾಯಕಾರಿ.

ಬೆರಳ ತುದಿ:
ಸರಿಯಾಗಿ ಹೇಳಿದಿರಿ. ನಮ್ಮಲ್ಲಿ ಅದು ನನ್ನೊಬ್ಬಳ ಕೆಲಸ, ಬೇರೆ ಯಾರೂ ಕೈ ಹಾಕುವುದಿಲ್ಲ.

ಮರದ ಚಕ್ಕೆ:
ಹಲ್ಲುಕಡ್ಡಿ. ಬಾಗಿಲಿನ ತಿರುಗಣಿಯ ಸ್ಕ್ರೂ ಸಡಿಲವಾಗಿ ಎಷ್ಟು ತಿರುಗಿಸಿದರೂ ಬಿಗಿಯಾಗದೆ ಸುತ್ತುತ್ತಲೇ ಇರುತ್ತದಲ್ಲ, ಆಗ ಕೆಟ್ಟಿರುವುದು ಸ್ಕ್ರೂ ಅಲ್ಲ, ಮರದ ರಂಧ್ರ. ಒಳಗಿನ ನಾರು ಸವೆದು ಎಳೆಗಳಿಗೆ ಕಚ್ಚಲು ಏನೂ ಉಳಿದಿರುವುದಿಲ್ಲ. ಸ್ಕ್ರೂ ತೆಗೆದು, ಮರದ ಗೋಂದಿನಲ್ಲಿ ಅದ್ದಿದ ಹಲ್ಲುಕಡ್ಡಿಗಳನ್ನು ರಂಧ್ರ ತುಂಬುವವರೆಗೆ ತುರುಕಿ. ಹೊರಗೆ ಚಾಚಿದ್ದನ್ನು ಮಟ್ಟವಾಗಿ ಕತ್ತರಿಸಿ. ಗೋಂದು ಪೂರ್ತಿ ಒಣಗಲಿ, ಒಂದು ರಾತ್ರಿ ಬಿಡಿ. ಆಮೇಲೆ ಅದೇ ಸ್ಕ್ರೂವನ್ನು ಅದೇ ಜಾಗಕ್ಕೆ ಹಾಕಿ. ಹೊಸ ರಂಧ್ರ ಬೇಡ, ಉದ್ದದ ಸ್ಕ್ರೂ ಬೇಡ. ಹೀಗೆ ಸರಿಪಡಿಸಿದ ನಮ್ಮ ಮುಂಬಾಗಿಲು ಇಂದಿಗೂ ಜೋತು ಬಿದ್ದಿಲ್ಲ.

ಎಂಟನೇ ತಿರುವು:
ಗೋಂದಿಲ್ಲದೆ ಬರೀ ಬೆಂಕಿಕಡ್ಡಿ ತುರುಕಿದರೂ ನಿಲ್ಲುತ್ತದೆ. ನಾನು ಯಾವಾಗಲೂ ಹಾಗೇ ಮಾಡುವುದು.

ಮರದ ಚಕ್ಕೆ:
ಕಪಾಟಿನ ಸಣ್ಣ ಬಾಗಿಲಿಗೆ ನಿಲ್ಲಬಹುದು. ದಿನವಿಡೀ ತೆರೆದು ಮುಚ್ಚುವ ಭಾರದ ಬಾಗಿಲಿಗೆ ಅದು ಹೆಚ್ಚು ಕಾಲ ತಾಳುವುದಿಲ್ಲ, ಪ್ರತಿ ಅಲುಗಾಟಕ್ಕೂ ಕಡ್ಡಿ ಪುಡಿಯಾಗುತ್ತದೆ. ಬೆಂಕಿಕಡ್ಡಿಯೇ ಇದ್ದರೆ ಮದ್ದಿನ ತಲೆ ಮುರಿದು ಗೋಂದು ಹಚ್ಚಿ ಬಳಸಿ. ಇದು ಮರಕ್ಕೆ ಮಾತ್ರ ಎಂಬುದು ನೆನಪಿರಲಿ. ಸಿಮೆಂಟಿನ ಗೋಡೆಗೆ ಪ್ಲಾಸ್ಟಿಕ್ ಬೆಣೆಯೇ ಬೇಕು.

ನೀಲಿ ಬಕೆಟ್:
ಅಗಲವಾದ ಬೆಳ್ಳಿಬಣ್ಣದ ಅಂಟುಪಟ್ಟಿ ಇದ್ದರೆ ಇದ್ಯಾವುದೂ ಬೇಡ. ಚಂದ್ರನ ಮೇಲೂ ಅದರಿಂದಲೇ ರಿಪೇರಿ ಮಾಡಿದ್ದಾರೆ!

ಮಳೆನೀರು:
ಅದು ನಿಜವಾದ ಕಥೆ. 1972ರ ಡಿಸೆಂಬರಿನಲ್ಲಿ ಅಪೋಲೊ 17ರ ಯಾತ್ರೆಯಲ್ಲಿ ಯೂಜೀನ್ ಸರ್ನನ್ ಅವರ ಸುತ್ತಿಗೆ ತಗಲಿ ಚಂದ್ರವಾಹನದ ಚಕ್ರದ ಮೇಲಿನ ಮಡ್‌ಗಾರ್ಡ್ ಮುರಿಯಿತು. ಚಕ್ರ ಎರಚುವ ಚಂದ್ರನ ಧೂಳು ಯಾತ್ರಿಗಳ ಮೇಲೂ ಉಪಕರಣಗಳ ಮೇಲೂ ಸುರಿಯತೊಡಗಿತು. ನಾಲ್ಕು ನಕಾಶೆಗಳನ್ನು ಅಂಟುಪಟ್ಟಿಯಿಂದ ಜೋಡಿಸಿ, ಕ್ಲಾಂಪುಗಳಿಂದ ಬಿಗಿದು ಹೊಸ ಮಡ್‌ಗಾರ್ಡ್ ಮಾಡಿಕೊಂಡರು. ಕ್ಲಾಂಪು ಎಂದರೆ ಮೊದಲ ಮಾತಿನ ಕ್ಲಿಪ್ಪಿನ ಬಂಧುವೇ.

1970ರ ಅಪೋಲೊ 13ರಲ್ಲಂತೂ ಜೀವದ ಪ್ರಶ್ನೆ. ಉಸಿರಿನ ಇಂಗಾಲದ ಡೈಆಕ್ಸೈಡ್ ಹೀರುವ ಚೌಕಾಕಾರದ ಡಬ್ಬಿಗಳನ್ನು ದುಂಡನೆಯ ಡಬ್ಬಿಗೆಂದು ಮಾಡಿದ ವ್ಯವಸ್ಥೆಗೆ ಜೋಡಿಸಬೇಕಿತ್ತು. ಪ್ಲಾಸ್ಟಿಕ್ ಚೀಲ, ರಟ್ಟು, ಉಡುಪಿನ ಕೊಳವೆ, ಅಂಟುಪಟ್ಟಿ ಸೇರಿಸಿ ಅದನ್ನು ಸಾಧಿಸಿದರು.

ಅಜ್ಜನ ಪೆಟ್ಟಿಗೆ:
ಅದ್ಭುತವೇ ಸರಿ. ಆದರೆ ಅವರಿಗೆ ಬೇಕಿದ್ದದ್ದು ಕೆಲವು ದಿನಗಳ ಪರಿಹಾರ. ಮನೆಯಲ್ಲಿ ಅಂಟುಪಟ್ಟಿ ಹಾಕಿದವರು ಅದನ್ನು ಶಾಶ್ವತ ರಿಪೇರಿ ಎಂದುಕೊಂಡು ಮರೆತುಬಿಡುತ್ತಾರೆ. ಶಾಖಕ್ಕೆ ಅದರ ಅಂಟು ಒಣಗಿ ಬಿಟ್ಟುಕೊಳ್ಳುತ್ತದೆ. ವಿದ್ಯುತ್ ತಂತಿಯ ಹರಿದ ಹೊದಿಕೆಗೆ ಅದನ್ನು ಸುತ್ತುವವರನ್ನು ಕಂಡರೆ ನನಗೆ ಎದೆ ನಡುಗುತ್ತದೆ. ಹಾಗೆ ಹರಿದ ತಂತಿಯನ್ನು ಬದಲಾಯಿಸಬೇಕು.

ಗಾಜಿನ ನಳಿಕೆ:
ಪಟ್ಟಿ ಕಿತ್ತ ಮೇಲೆ ಉಳಿಯುವ ಜಿಗುಟಿಗೆ ಅಡುಗೆಯ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ಅಂಟು ನೀರಿಗೆ ಕರಗದು, ಎಣ್ಣೆಗೆ ಮೆತ್ತಗಾಗುತ್ತದೆ.

ದಾರದುಂಡೆ:
ಅಂಟಿನ ಮಾತು ಬಂದಿದ್ದರಿಂದ ಹೇಳುತ್ತೇನೆ. ಕ್ಷಣದಲ್ಲಿ ಅಂಟುವ ಸೂಪರ್ ಗ್ಲೂ ಹನಿಗೆ ಅಡುಗೆ ಸೋಡಾ ಉದುರಿಸಿದರೆ ತಕ್ಷಣ ಕಲ್ಲಿನಂತೆ ಗಟ್ಟಿಯಾಗುತ್ತದೆ. ಮುರಿದ ಪ್ಲಾಸ್ಟಿಕ್ಕಿನ ಸಣ್ಣ ಕೊರತೆಗಳನ್ನು ತುಂಬಲು ಒಳ್ಳೆಯದು.

ಗಾಜಿನ ನಳಿಕೆ:
ಹೌದು, ಆದರೆ ಬಿಸಿಯೂ ಏಳುತ್ತದೆ, ಬೆರಳು ದೂರವಿರಲಿ. ಹತ್ತಿಯ ಬಟ್ಟೆಯಿಂದ ಸೂಪರ್ ಗ್ಲೂ ಒರೆಸಬೇಡಿ. ಹತ್ತಿಯ ಮೇಲೆ ಅದು ಬಹಳ ವೇಗವಾಗಿ ಗಟ್ಟಿಯಾಗಿ ಚರ್ಮ ಸುಡುವಷ್ಟು ಕಾಯುತ್ತದೆ.

ಕಿರುದೀಪ:
ವಿದ್ಯುತ್ ಹೋದಾಗ ಟಾರ್ಚನ್ನು ಮೇಲ್ಮುಖವಾಗಿ ನಿಲ್ಲಿಸಿ ಅದರ ಮೇಲೆ ನೀರು ತುಂಬಿದ ಪಾರದರ್ಶಕ ಬಾಟಲಿ ಇಡುತ್ತೇವೆ. ಒಂದೇ ಕಡೆ ಚುಚ್ಚುವ ಬೆಳಕು ಕೋಣೆಯೆಲ್ಲ ಹರಡುತ್ತದೆ. ಮಕ್ಕಳಿರುವ ಮನೆಯಲ್ಲಿ ಮೇಣದಬತ್ತಿಗಿಂತ ನೆಮ್ಮದಿ.

ಮೂರನೇ ಮಹಡಿ:
ಬೆಂಕಿಯ ಮಾತಿಗೆ ನನ್ನ ಉತ್ತರ: ಬಾಣಲೆಗೆ ಸರಿಹೊಂದುವ ಲೋಹದ ಮುಚ್ಚಳ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ನೀರು ಎಣ್ಣೆಯ ಅಡಿಗೆ ಇಳಿದು ಕ್ಷಣದಲ್ಲಿ ಆವಿಯಾಗಿ ಉರಿಯುವ ಎಣ್ಣೆಯನ್ನು ಸುತ್ತಲೂ ಎರಚುತ್ತದೆ. ಒಲೆ ಆರಿಸಿ, ಮುಚ್ಚಳವನ್ನು ಬದಿಯಿಂದ ಜಾರಿಸಿ ಮುಚ್ಚಿ, ತಣ್ಣಗಾಗುವವರೆಗೆ ತೆರೆಯಬೇಡಿ. ಬಾಣಲೆಯನ್ನು ಎತ್ತಿ ಓಡಬೇಡಿ. ಕೈ ಮೀರಿದೆ ಎನಿಸಿದರೆ ಹೊರಗೆ ಹೋಗಿ ಅಗ್ನಿಶಾಮಕ ದಳವನ್ನು ಕರೆಯಿರಿ. ಮುಚ್ಚಳ ಕಪಾಟಿನ ತಳದಲ್ಲಿದ್ದರೆ ಪ್ರಯೋಜನವಿಲ್ಲ, ಒಲೆಯ ಹತ್ತಿರ ಕೈಗೆ ಸಿಗುವಂತಿರಲಿ.

ತೆರೆದ ಬಾಗಿಲು:
ಕೈಗೆ ಸಿಗುವಂತಿರಬೇಕು ಎಂಬುದರ ಮೇಲೆ ನನ್ನದೊಂದು ತಕರಾರಿದೆ. ಇಲ್ಲಿ ಹೇಳಿದ್ದನ್ನೆಲ್ಲ ಕೂಡಿಟ್ಟರೆ ಮನೆ ಗೋದಾಮಾಗುತ್ತದೆ. ನಮ್ಮ ಮನೆಯಲ್ಲಿ ಖಾಲಿ ಡಬ್ಬಿಗಳೇ ಒಂದು ಕಪಾಟು ತುಂಬಿವೆ. ಎಲ್ಲವೂ ಎಂದಾದರೂ ಬೇಕಾದೀತು ಎಂದು ಇಟ್ಟವು. ಬೇಕಾದಾಗ ಒಂದೂ ಕೈಗೆ ಸಿಗುವುದಿಲ್ಲ.

ಕಪಾಟಿನ ಕೀಲಿ:
ಕೂಡಿಡುವುದು ಬೇರೆ, ಬಳಸುವುದು ಬೇರೆ. ನಮ್ಮಲ್ಲಿ ಒಂದೇ ಡ್ರಾಯರ್: ಕ್ಲಿಪ್ಪು, ಪಿನ್ನು, ಬ್ಯಾಂಡು, ಮೇಣ, ಕತ್ತರಿ, ಪೆನ್ಸಿಲ್, ಕಾಗದದ ಅಂಟುಪಟ್ಟಿ. ಅದು ತುಂಬಿದರೆ ಒಂದನ್ನು ತೆಗೆದೇ ಇನ್ನೊಂದನ್ನು ಇಡಬೇಕು. ಕಾಗದದ ಅಂಟುಪಟ್ಟಿಯ ಮೇಲೆ ದಿನಾಂಕ ಬರೆದು ಡಬ್ಬಿ, ಬಾಟಲಿ, ನೀರಿನ ಫಿಲ್ಟರ್ ಎಲ್ಲಕ್ಕೂ ಅಂಟಿಸುತ್ತೇನೆ. ಯಾವುದನ್ನು ಯಾವಾಗ ತೆರೆದೆವು, ಯಾವಾಗ ಬದಲಾಯಿಸಿದೆವು ಎಂಬ ವಾದ ಮನೆಯಲ್ಲಿ ನಿಂತೇ ಹೋಗಿದೆ.

ಕಿರುದೀಪ:
ಹೊಸ ಚೀಲಗಳಲ್ಲಿ, ಶೂ ಪೆಟ್ಟಿಗೆಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯಬೇಡಿ ಎಂದೂ ಸೇರಿಸಿ. ಹತ್ಯಾರುಗಳ ಪೆಟ್ಟಿಗೆ, ಕ್ಯಾಮೆರಾ ಚೀಲ, ಕಾಗದಪತ್ರಗಳ ಡಬ್ಬಿ, ಎಲ್ಲಿ ತೇವ ಕೆಡುಕೋ ಅಲ್ಲಿ ಹಾಕಿ. ಡಬ್ಬಿ ಬಿಗಿಯಾಗಿ ಮುಚ್ಚುವಂತಿರಬೇಕು. ಇಲ್ಲದಿದ್ದರೆ ಅದು ಹೊರಗಿನ ಗಾಳಿಯ ತೇವವನ್ನೇ ಹೀರಿ ತುಂಬಿಕೊಳ್ಳುತ್ತದೆ. ಚಿಕ್ಕ ಮಕ್ಕಳ ಕೈಗೆ ಮಾತ್ರ ಸಿಗಬಾರದು.

ಹೊಸಬ:
ಎಲ್ಲವನ್ನೂ ಓದಿದೆ. ನನ್ನದೊಂದು ಪ್ರಶ್ನೆ. ಬೆನ್ನಚೀಲದ ಲೋಹದ ಜಿಪ್ ನಡುವೆ ಸಿಕ್ಕಿಕೊಳ್ಳುತ್ತದೆ, ಎಳೆದರೆ ಮುಚ್ಚಿದಂತೆ ಕಂಡರೂ ಹಿಂದಿನಿಂದ ಬಿಚ್ಚಿಕೊಳ್ಳುತ್ತದೆ. ಮೇಣ ಉಜ್ಜಲೇ?

ಅಜ್ಜನ ಪೆಟ್ಟಿಗೆ:
ಎರಡು ಬೇರೆ ತೊಂದರೆಗಳು. ಸಿಕ್ಕಿಕೊಳ್ಳುವುದಕ್ಕೆ ಮೇಣ ಅಥವಾ ಪೆನ್ಸಿಲ್ಲಿನ ಗ್ರಾಫೈಟ್. ಗ್ರಾಫೈಟ್ ಪದರಪದರವಾಗಿ ಜಾರುವ ವಸ್ತು, ಲೋಹದ ಹಲ್ಲುಗಳಿಗೆ ಚೆನ್ನಾಗಿ ಹೊಂದುತ್ತದೆ. ಚೀಲದ ಬಣ್ಣ ತಿಳಿಯಾಗಿದ್ದರೆ ಕಪ್ಪು ಕಲೆಯಾದೀತು, ಆಗ ಮೇಣವೇ ಒಳ್ಳೆಯದು.

ಮರದ ಚಕ್ಕೆ:
ಹಿಂದಿನಿಂದ ಬಿಚ್ಚಿಕೊಳ್ಳುವುದು ಹಲ್ಲಿನ ದೋಷವಲ್ಲ. ಎಳೆಯುವ ತುಂಡು ಸವೆದು ಅಗಲಗೊಂಡಿದೆ, ಹಲ್ಲುಗಳನ್ನು ಒಂದಕ್ಕೊಂದು ಒತ್ತುತ್ತಿಲ್ಲ. ಅದನ್ನು ಜಿಪ್ಪಿನ ಆರಂಭದ ತುದಿಗೆ ತಂದು, ಇಕ್ಕಳದಿಂದ ಹಿಂಬದಿಯ ಎರಡು ಅಂಚುಗಳನ್ನು ಒಂದೊಂದಾಗಿ, ಬಹಳ ಮೆಲ್ಲಗೆ ಒತ್ತಿ. ಪ್ರತಿ ಸಲವೂ ಎಳೆದು ನೋಡಿ. ಹೆಚ್ಚು ಒತ್ತಿದರೆ ಅಲುಗಾಡುವುದೇ ಇಲ್ಲ.

ಹೊಸಬ:
ಒತ್ತಿದೆ, ಈಗ ಮುಚ್ಚಿ ನಿಲ್ಲುತ್ತಿದೆ. ಆದರೆ ಎಳೆಯುವ ಹಿಡಿಕೆಯೇ ಮುರಿದಿದೆ, ಚೀಲ ಭಾರವಾದಾಗ ಬೆರಳು ನೋಯುತ್ತದೆ.

ಬೆರಳ ತುದಿ:
ಕೀಲಿ ಉಂಗುರ ಹಾಕಿ.

ಸೂಜಿಮೊನೆ:
ಉಂಗುರ ತರುವವರೆಗೆ ಸೇಫ್ಟಿ ಪಿನ್.